ನೀಲಿ ಜರ್ಸಿ ಹಾಕ್ಕೊಂಡು ಕೊಚ್ಚಿಗೆ ಹೋಗಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಮಗಳಿಗೆ 15 ವರ್ಷ, ಶಾಲೆಯ ಫುಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಬೆಂಗಳೂರು ಎಫ್‌ಸಿ ಅಂದರೆ ಪ್ರಾಣ. ಕಂಠೀರವದಲ್ಲಿ ನಾಲ್ಕು ಪಂದ್ಯ ತೋರಿಸಿದ್ದೇನೆ. ಈಗ ಕೊಚ್ಚಿಗೇ ಹೋಗಿ ಹಳದಿ ಜರ್ಸಿಯ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪಂದ್ಯ ನೋಡಬೇಕು, ಅದೂ ನೀಲಿ ಜರ್ಸಿ ಹಾಕ್ಕೊಂಡೇ ನೋಡಬೇಕು ಅಂತ ಹಠ ಹಿಡಿದಿದ್ದಾಳೆ. ಅವಳಪ್ಪ "ಅಷ್ಟು ಜನ ಹಳದಿಯವರ ಮಧ್ಯೆ ಬೇಡವೇ ಬೇಡ" ಅನ್ನುತ್ತಾರೆ. ಅವರಿಗೆ ರಜೆಯೂ ಇಲ್ಲ. ನಾನು, ಅವಳು ಇಬ್ಬರೇ ಹೋಗಿ ಬರಬಹುದಾ? ಜರ್ಸಿ ಹಾಕಿದರೆ ತೊಂದರೆ ಆಗುತ್ತಾ?

ಉತ್ತರ: ಅಮ್ಮಾ, ಹೋಗಬಹುದು. ಖಂಡಿತ ಕರೆದುಕೊಂಡು ಹೋಗಿ. ಹದಿನೈದನೇ ವಯಸ್ಸಲ್ಲಿ ನೋಡಿದ ಅಂಥ ಒಂದು ರಾತ್ರಿ ಜೀವನಪೂರ್ತಿ ನೆನಪಿರುತ್ತೆ. ಬೆಂಗಳೂರು ತಂಡದ ಹಿಂದೆ ಊರೂರು ಸುತ್ತಿದವನಾಗಿ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಆದರೆ ನೀವು ಜರ್ಸಿ ಬಗ್ಗೆ ಕೇಳಿದ್ದೀರಿ. ನಾನು ಸೀಟಿನ ಬಗ್ಗೆ ಹೇಳಬೇಕು. ಎದುರಾಳಿ ಮೈದಾನದಲ್ಲಿ ನೀವು ಏನು ಹಾಕ್ಕೊಂಡಿದ್ದೀರಿ ಅನ್ನೋದಕ್ಕಿಂತ ಎಲ್ಲಿ ಕೂತಿದ್ದೀರಿ ಅನ್ನೋದೇ ಮುಖ್ಯ. ಸರಿಯಾದ ಬ್ಲಾಕ್‌ನಲ್ಲಿ ಕೂತರೆ ತಲೆಯಿಂದ ಕಾಲಿನವರೆಗೆ ನೀಲಿ ಬಳಿದುಕೊಂಡರೂ ಯಾರೂ ಕೇಳಲ್ಲ. ತಪ್ಪು ಬ್ಲಾಕ್‌ನಲ್ಲಿ ಕೂತರೆ ಬಿಳಿ ಶರ್ಟೂ ಕಾಪಾಡಲ್ಲ.

ಇದನ್ನು ನಾನು ಕಲಿತದ್ದು ಶುರುವಿನ ಪ್ರಯಾಣವೊಂದರಲ್ಲಿ. ಊರಿನ ಹೆಸರು, ಮೈದಾನದ ಹೆಸರು ಬೇಡ. ನಮ್ಮ ಕಡೆಯವರ ಬ್ಲಾಕ್ ಟಿಕೆಟ್ ಖಾಲಿ ಆಗಿತ್ತು. ಪರವಾಗಿಲ್ಲ, ಬಣ್ಣ ಇಲ್ಲದ ಶರ್ಟ್ ಹಾಕ್ಕೊಂಡು ಅವರ ಗ್ಯಾಲರಿಯಲ್ಲೇ ಸುಮ್ನೆ ಕೂತು ನೋಡೋಣ ಅಂತ ನಾನೂ ನನ್ನ ಗೆಳೆಯನೂ ಒಳಗೆ ಹೋದೆವು. ಒಂದು ಗಂಟೆ ಎಲ್ಲಾ ಸರಿ ಇತ್ತು. ಪಕ್ಕದವರು ಪೊಟ್ಟಣ ಬಿಚ್ಚಿ ಕಡಲೆಕಾಯಿ ಕೊಟ್ಟರು. ಆಮೇಲೆ ನಮ್ಮ ತಂಡ ಗೋಲು ಹೊಡೆಯಿತು. ಗೆಳೆಯ ಎದ್ದು ನಿಂತ. ಕೂಗಲಿಲ್ಲ, ಕೈ ಎತ್ತಲಿಲ್ಲ. ಬರೀ ಎದ್ದ. ಸುತ್ತ ಸಾವಿರಾರು ಜನ ತಲೆ ಮೇಲೆ ಕೈ ಹೊತ್ತು ಕೂತಿರುವಾಗ ಒಬ್ಬನೇ ಎದ್ದರೆ ಇನ್ನೇನು ಹೇಳಬೇಕು? ಹಿಂದಿನಿಂದ ನೀರು ಬಿತ್ತು. ಯಾರೋ ಕಾಲರ್ ಹಿಡಿದರು. ಕಡಲೆಕಾಯಿ ಕೊಟ್ಟವರೇ ಅಡ್ಡ ಬಂದು, ನಮ್ಮಿಬ್ಬರನ್ನೂ ಮೆಟ್ಟಿಲವರೆಗೆ ಕರೆತಂದು ಪೊಲೀಸರಿಗೆ ಒಪ್ಪಿಸಿದರು. ಉಳಿದ ಅರ್ಧ ಗಂಟೆ ಗ್ಯಾಲರಿ ಕೆಳಗಿನ ಓಣಿಯಲ್ಲಿ ನಿಂತು, ಮೇಲಿಂದ ಬರುವ ಸದ್ದಿನಲ್ಲೇ ಆಟ ಹೇಗೆ ನಡೀತಿದೆ ಅಂತ ಊಹಿಸಿದೆವು.

ಆ ಜನ ಕೆಟ್ಟವರಾಗಿರಲಿಲ್ಲ. ಗೋಲು ಬಿದ್ದಾಗ ಮೈ ತನ್ನಷ್ಟಕ್ಕೇ ಏಳುತ್ತೆ, ಅದನ್ನು ಯಾರೂ ತಡೆಯೋಕಾಗಲ್ಲ. ನಿಮ್ಮ ಮಗಳಿಂದಂತೂ ಆಗಲ್ಲ. ಹಾಗಾಗಿ ಅವಳು ಎದ್ದು ಕುಣಿಯಬಹುದಾದ ಜಾಗದಲ್ಲೇ ಅವಳನ್ನು ಕೂರಿಸಬೇಕು. ಹೊರಗಿನಿಂದ ಬಂದ ಅಭಿಮಾನಿಗಳಿಗೆ ಅಂತ ಬೇರೆ ಬ್ಲಾಕ್ ಇಟ್ಟಿರುತ್ತಾರಲ್ಲ, ಅದರ ಟಿಕೆಟ್ ಸಿಕ್ಕರೆ ಮಾತ್ರ ಹೋಗಿ. ಸಿಗಲಿಲ್ಲವೆಂದರೆ ಈ ಸಲ ಬಿಡಿ. ಬೇರೆ ಗ್ಯಾಲರಿಯ ಟಿಕೆಟ್ ಕಡಿಮೆ ದುಡ್ಡಿಗೆ ಕಂಡರೂ ಕೈ ಹಾಕಬೇಡಿ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡಲ್ಲ.

ಎರಡು ಕಡೆಯವರನ್ನು ಬೇರೆ ಬೇರೆ ಕೂರಿಸೋ ಪದ್ಧತಿ ಸುಮ್ನೆ ಬಂದದ್ದಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಆಡುತ್ತಿದ್ದವು. ಎರಡೂ ತಂಡದ ಅಭಿಮಾನಿಗಳು ಒಂದೇ ಗ್ಯಾಲರಿಯಲ್ಲಿ ಬೆರೆತು ಕೂತಿದ್ದರು. ಜಗಳ ಹತ್ತಿ, ನೂಕುನುಗ್ಗಲಾಗಿ 16 ಜನ ಸತ್ತರು. ಮ್ಯಾಚ್ ನೋಡೋಕೆ ಅಂತ ಮನೆಯಿಂದ ಹೊರಟವರು. ಅವರ ನೆನಪಿಗೆ ಅಲ್ಲಿ ಇಂದಿಗೂ ಆ ದಿನ ರಕ್ತದಾನ ಮಾಡುತ್ತಾರೆ. ಅರ್ಜೆಂಟೀನಾದಲ್ಲಿ 2013ರಲ್ಲಿ ಹೊರ ತಂಡದ ಅಭಿಮಾನಿಗಳನ್ನು ಮೈದಾನಕ್ಕೆ ಬಿಡೋದನ್ನೇ ನಿಲ್ಲಿಸಿದರು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಬೇರೆ ದಾರಿ ಹಿಡಿದಿದೆ. ಹೊರಗಿನವರಿಗೆ 3,000 ಸೀಟು ಮೀಸಲು, ಮೈದಾನ ಚಿಕ್ಕದಾದರೆ ಹತ್ತರಲ್ಲೊಂದು ಪಾಲು. ಟಿಕೆಟ್ ಬೆಲೆಯೂ 30 ಪೌಂಡ್ ದಾಟುವ ಹಾಗಿಲ್ಲ. ಆ ಮೂಲೆಯ ಮೂರು ಸಾವಿರ ಜನ ಹಾಡದಿದ್ದರೆ ಮೈದಾನ ಅರ್ಧ ಸತ್ತ ಹಾಗಿರುತ್ತೆ ಅಂತ ಅಲ್ಲಿನವರಿಗೆ ಗೊತ್ತು.

ನಮ್ಮಲ್ಲಿ ಈ ಏರ್ಪಾಡು ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತೆ. ಅದಕ್ಕೇ ಕ್ಲಬ್‌ನ ಪ್ರಕಟಣೆ ನೋಡಿಕೊಂಡಿರಿ. ಅದಕ್ಕಿಂತ ಒಳ್ಳೆ ದಾರಿ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರನ್ನು ಕೇಳೋದು. ಕಂಠೀರವದಲ್ಲಿ ಡ್ರಮ್ ಬಾರಿಸಿಕೊಂಡು 90 ನಿಮಿಷ ನಿಂತೇ ಹಾಡುತ್ತಾರಲ್ಲ, ಅವರೇ. ತಂಡ ಹುಟ್ಟಿದ 2013ರಿಂದ ಜೊತೆಗಿದ್ದಾರೆ. ಹೊರ ಊರಿನ ಪಂದ್ಯಕ್ಕೆ ಗುಂಪು ಕಟ್ಟಿಕೊಂಡು ಹೋಗೋದು ಅವರಿಗೆ ರೂಢಿ. ಸೋಷಿಯಲ್ ಮೀಡಿಯಾದಲ್ಲಿ ಸಿಗುತ್ತಾರೆ. ತಾಯಿ ಮಗಳು ಬರ್ತಿದ್ದೀವಿ ಅಂತ ಮೊದಲೇ ತಿಳಿಸಿ. ಗುಂಪಿನಲ್ಲಿ ಹುಡುಗಿಯರೂ ಇರುತ್ತಾರೆ. ಮೈದಾನದ ಹೊರಗೆ ಎಲ್ಲಿ ಸೇರೋದು, ಯಾವ ಗೇಟು ಅನ್ನೋದು ಅವರಿಂದಲೇ ಗೊತ್ತಾದರೆ ನಿಮ್ಮ ಅರ್ಧ ಭಯ ಅಲ್ಲೇ ಕಳೆಯುತ್ತೆ.

ಮಗಳಿಗೆ ಈ ಪಂದ್ಯದ ಕಥೆ ಗೊತ್ತಿರಬಹುದು. ಅವಳಪ್ಪನಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. 2017ರವರೆಗೆ ಎರಡು ತಂಡಗಳೂ ಬೇರೆ ಬೇರೆ ಲೀಗ್‌ನಲ್ಲಿದ್ದವು. ಬೆಂಗಳೂರು ಐ-ಲೀಗ್‌ನಲ್ಲಿ ಎರಡು ಸಲ ಚಾಂಪಿಯನ್ ಆಗಿ, ಆ ವರ್ಷ ಬ್ಲಾಸ್ಟರ್ಸ್ ಇದ್ದ ಇಂಡಿಯನ್ ಸೂಪರ್ ಲೀಗ್‌ಗೆ, ಅಂದರೆ ಐಎಸ್‌ಎಲ್‌ಗೆ ಬಂತು. ಆ ಹೊತ್ತಿಗೆ ನಮ್ಮಲ್ಲಿ ಆಡಿದ ಸಿ.ಕೆ. ವಿನೀತ್, ರಿನೊ ಆಂಟೊ ಹಳದಿ ಜರ್ಸಿಯಲ್ಲಿದ್ದರು. ಮೊದಲ ಭೇಟಿಯೇ ಕೊಚ್ಚಿಯಲ್ಲಿ, 2017ರ ಡಿಸೆಂಬರ್ 31ರಂದು. ಹೊಸ ವರ್ಷಕ್ಕೆ ಕಾದು ಕೂತ ಜನರ ಮುಂದೆ ಬೆಂಗಳೂರು 3-1ರಿಂದ ಗೆದ್ದಿತು. ನಮ್ಮ ಸುನಿಲ್ ಛೆಟ್ರಿ ಪೆನಾಲ್ಟಿಯಲ್ಲಿ ಒಂದು ಗೋಲು, ಆಮೇಲೆ ಕೊನೆ ಗಳಿಗೆಯಲ್ಲಿ ಮಿಕು ಎರಡು. ಅವತ್ತು ಹತ್ತಿದ ಕಿಡಿ.

ಅದು ಬೆಂಕಿಯಾದದ್ದು 2023ರ ಮಾರ್ಚ್ 3ರಂದು, ಕಂಠೀರವದಲ್ಲಿ. ನಾಕೌಟ್ ಪಂದ್ಯ, ಹೆಚ್ಚುವರಿ ಸಮಯ. ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟಿ ನಿಲ್ಲೋ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದರು, ರೆಫರಿ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಹುಡುಗರನ್ನು ಕರೆದುಕೊಂಡು ಮೈದಾನ ಬಿಟ್ಟು ಹೊರಟೇ ಹೋದರು. ಕ್ಲಬ್‌ಗೆ 4 ಕೋಟಿ ದಂಡ ಬಿತ್ತು, ಕೋಚ್‌ಗೆ 10 ಪಂದ್ಯದ ನಿಷೇಧ. ಬ್ಲಾಸ್ಟರ್ಸ್ ಮೂರು ಸಲ ಫೈನಲ್ ತಲುಪಿ ಮೂರರಲ್ಲೂ ಸೋತ ತಂಡ. ಅವರ ನೋವು ಅರ್ಥವಾಗುತ್ತೆ, ಅಲ್ವಾ? ಗೋಲು ನಿಯಮದ ಪ್ರಕಾರ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಕೊಚ್ಚಿಯಲ್ಲಿ ಆ ವಾದ ಶುರು ಮಾಡಬೇಡ ಅಂತ ಮಗಳಿಗೆ ಹೇಳಿಡಿ. ಟೀ ಅಂಗಡಿಯಲ್ಲಂತೂ ಬೇಡವೇ ಬೇಡ.

ಅದಾದ ಮೇಲೆ ಬೆಂಗಳೂರು ಐಎಸ್‌ಎಲ್ ಪಂದ್ಯಕ್ಕೆ ಕೊಚ್ಚಿಗೆ ಹೋದದ್ದು ಅದೇ ವರ್ಷ ಸೆಪ್ಟೆಂಬರ್ 21ಕ್ಕೆ, ಆ ಸೀಸನ್ನಿನ ಮೊದಲ ಪಂದ್ಯ. ನಾನು ಹೋಗಿದ್ದೆ. ಮಳೆ ಸುರಿಯುತ್ತಿತ್ತು. ಛೆಟ್ರಿ ಇರಲಿಲ್ಲ. ಏಷ್ಯನ್ ಗೇಮ್ಸ್‌ಗೆ ಚೀನಾದ ಹಾಂಗ್‌ಝೌಗೆ ಹೋಗಿದ್ದರು, ಅದೇ ದಿನ ಬಾಂಗ್ಲಾದೇಶದ ವಿರುದ್ಧ ಭಾರತಕ್ಕೆ ಗೋಲು ಹೊಡೆದಿದ್ದರು. ನಮ್ಮ ಮೂಲೆಯಲ್ಲಿ ನಾವು ಒಂದು ಹಿಡಿ ಜನ, ಜರ್ಸಿ ಮೇಲೆ ರೇನ್‌ಕೋಟ್. ಸುತ್ತ ಎತ್ತ ನೋಡಿದರೂ ಹಳದಿ. ಮೇಲಿನ ಅಂತಸ್ತಿನಿಂದ ಹಾಡು ಶುರುವಾದರೆ ನಮ್ಮ ಕಡೆಗೆ ಬರುವಷ್ಟರಲ್ಲಿ ಅದು ಕಿವಿಗೆ ಕೇಳೋ ಸದ್ದಾಗಿರಲಿಲ್ಲ, ಎದೆಗೆ ಬಡಿಯೋ ಪೆಟ್ಟಾಗಿತ್ತು. ಕೂತ ಸೀಟಿನಲ್ಲೂ ಅದರ ನಡುಕ ಗೊತ್ತಾಗುತ್ತಿತ್ತು. ನಮ್ಮವರೇ ಹೊಡೆದುಕೊಂಡ ಸ್ವಂತ ಗೋಲೊಂದು, ಆಮೇಲೆ ಅಡ್ರಿಯಾನ್ ಲೂನಾ ಒಂದು. ಕೊನೆಯಲ್ಲಿ ನಮ್ಮ ಕರ್ಟಿಸ್ ಮೇನ್ ಒಂದು ಹೊಡೆದಾಗ ನಾವಷ್ಟೂ ಜನ ಒಬ್ಬರ ಮೇಲೊಬ್ಬರು ಬಿದ್ದೆವು. 2-1, ಸೋತೆವು. ಆದರೂ ಆ ಒಂದು ನಿಮಿಷಕ್ಕಾಗಿ ನಾನು ಮತ್ತೆ ಅಷ್ಟೇ ನೆನೆಯೋಕೆ ತಯಾರು.

ಈಗ ಹೋಗೋ ದಾರಿ. ಮೊದಲು ವೇಳಾಪಟ್ಟಿಯಲ್ಲಿ ಮೈದಾನದ ಹೆಸರನ್ನು ಓದಿ. ಕ್ಲಬ್‌ಗಳು ಕೆಲವೊಮ್ಮೆ ಬೇರೆ ಊರಿನಲ್ಲಿ ಆಡಿಸೋದುಂಟು. ನಾನು ಹೇಳುತ್ತಿರೋದು ಕಲೂರಿನ ಜವಾಹರಲಾಲ್ ನೆಹರು ಸ್ಟೇಡಿಯಂ ಬಗ್ಗೆ. ಮೈಸೂರಿನಿಂದ ಬೆಂಗಳೂರು ಮೇಲೆ ಹಾದು ಎರ್ನಾಕುಳಂಗೆ ಹೋಗೋ ರೈಲಿದೆ. ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಗಿನ ಜಾವ ಇಳಿಯಬಹುದು. ನಿಮ್ಮಿಬ್ಬರಿಗೆ ಅದೇ ವಾಸಿ. ಕಾರಿನಲ್ಲಿ ಬಂಡೀಪುರದ ಮೇಲೆ ಹೋಗೋ ಯೋಚನೆ ಇದ್ದರೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚಿರುತ್ತೆ, ಅದು ನಿಮಗೆ ಗೊತ್ತೇ ಇದೆ. ಪಂದ್ಯ ಸಂಜೆ ಏಳೂವರೆಗಾದರೆ ಮುಗಿಯೋ ಹೊತ್ತಿಗೆ ಒಂಬತ್ತೂವರೆ. ಅದೇ ರಾತ್ರಿ ವಾಪಸ್ ಹೊರಡೋ ಬಸ್ಸು, ರೈಲು ಬುಕ್ ಮಾಡಬೇಡಿ. ಗಡಿಬಿಡಿಯಲ್ಲಿ ಜನರ ನಡುವೆ ಓಡೋದೇ ಎಲ್ಲಕ್ಕಿಂತ ಅಪಾಯ. ಒಂದು ರಾತ್ರಿ ತಂಗಿ. ರೂಮನ್ನು ಮೆಟ್ರೊ ನಿಲ್ದಾಣದ ಹತ್ತಿರ ನೋಡಿ.

ಯಾಕಂದರೆ ಸ್ಟೇಡಿಯಂ ಮುಂದೇನೇ ಮೆಟ್ರೊ ನಿಲ್ದಾಣ ಇದೆ, ಹೆಸರೂ ಅದರದ್ದೇ. ಎರ್ನಾಕುಳಂ ಟೌನ್ ರೈಲು ನಿಲ್ದಾಣದಿಂದಾದರೆ ಹತ್ತಿರದ ಟೌನ್ ಹಾಲ್ ಮೆಟ್ರೊದಲ್ಲಿ ಹತ್ತಿ ಎರಡನೇ ನಿಲ್ದಾಣದಲ್ಲಿ ಇಳಿಯಬೇಕು. ಪಂದ್ಯದ ದಿನ ಮೆಟ್ರೊ ತಡರಾತ್ರಿವರೆಗೂ ಓಡಿಸಿದ್ದುಂಟು. ಆದರೆ ನಿಮ್ಮ ದಿನದ ಕೊನೇ ಗಾಡಿ ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿಕೊಳ್ಳಿ.

ಇನ್ನು ಜರ್ಸಿ. ಬೆಳಗ್ಗೆ ಊರು ಸುತ್ತುವಾಗ, ಮೆಟ್ರೊದಲ್ಲಿ ಹೋಗುವಾಗ ಮೇಲೊಂದು ಸಾದಾ ಶರ್ಟೋ ಜಾಕೆಟ್ಟೋ ಇರಲಿ. ಹಳದಿ ಬಣ್ಣದ್ದಲ್ಲ, ಅದೂ ಬೇಡ. ಬ್ಲಾಕ್ ಒಳಗೆ ಹೋಗಿ ಸೀಟು ಹಿಡಿದ ಮೇಲೆ ತೆಗೆಯಲಿ. ಹಾಗೆ ಮುಚ್ಚಿಕೊಂಡು ಹೋಗೋದು ಹೆದರಿಕೆ ಅಂತ ಮಗಳಿಗೆ ಅನಿಸಬಹುದು. ನಮ್ಮ ಹಿರಿಯ ಅಭಿಮಾನಿಗಳೂ ಹಾಗೇ ಮಾಡುತ್ತಾರೆ ಅಂತ ಹೇಳಿ. ಬೀದಿಯಲ್ಲಿ ಜರ್ಸಿ ಹಾಕ್ಕೊಂಡು ಓಡಾಡಿದರೂ ನೂರಕ್ಕೆ ತೊಂಬತ್ತೊಂಬತ್ತು ಜನ ನಕ್ಕು ಮಾತಾಡಿಸುತ್ತಾರೆ. ಆ ಉಳಿದ ಒಬ್ಬನಿಗಾಗಿ ಈ ಜಾಕೆಟ್.

ಮಧ್ಯಾಹ್ನ ಮೂರರ ಹೊತ್ತಿಗೇ ಆ ಕಡೆ ಹೋಗಿ ಅಂತ ನನ್ನ ಆಸೆ. ಸ್ಟೇಡಿಯಂ ಅಡಿಯಲ್ಲೇ ಸುತ್ತ ಅಂಗಡಿಗಳಿವೆ. ಫುಟ್‌ಪಾತಿನಲ್ಲಿ ಹಳದಿ ಶಾಲು, ಬಾವುಟ ಮಾರುತ್ತಿರುತ್ತಾರೆ. ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳೋ ಮಕ್ಕಳ ಸಾಲು ನಿಂತಿರುತ್ತೆ. ಮಲಪ್ಪುರಂ, ಕೋಳಿಕ್ಕೋಡ್ ಕಡೆಯಿಂದ ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದ ಮನೆಮಂದಿ ಇರುತ್ತಾರೆ, ಅಜ್ಜಂದಿರ ಸಮೇತ. ಒಂದು ಸಲ ಟೀ ಅಂಗಡಿಯಲ್ಲಿ ಬಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಕಾಗದದಲ್ಲಿ ಹಿಡಿದು ನಿಂತಿದ್ದೆ. ಜಾಕೆಟ್ಟಿನ ಕೊರಳಲ್ಲಿ ನೀಲಿ ಕಂಡಿತೋ ಏನೋ, ಪಕ್ಕದ ಹಿರಿಯರೊಬ್ಬರು "ಬೆಂಗಳೂರಿಲ್ ನಿನ್ನಾಣೋ?", ಬೆಂಗಳೂರಿನವರಾ, ಅಂದರು. ಹೌದು ಅಂದೆ. ಅವರ ಮಗ ನಮ್ಮೂರಲ್ಲೇ ಕೆಲಸದಲ್ಲಿದ್ದಾನಂತೆ. ಬ್ಲಾಸ್ಟರ್ಸ್ ಬಂದರೆ ತಪ್ಪದೆ ಕಂಠೀರವಕ್ಕೆ ಹೋಗುತ್ತಾನಂತೆ. ನನ್ನ ಟೀ ದುಡ್ಡನ್ನೂ ಅವರೇ ಕೊಟ್ಟರು. ಕಂಠೀರವದಲ್ಲಿ ಹಳದಿ ಬಣ್ಣ ಅಷ್ಟು ಜಾಸ್ತಿ ಕಾಣೋದು ಯಾಕೆ ಅಂತ ನಿಮ್ಮ ಮಗಳು ಕೇಳಿದ್ದರೆ, ಉತ್ತರ ಇಂಥ ಮನೆಗಳಲ್ಲಿದೆ.

ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಗೇಟಿನಲ್ಲಿರಿ. ಟಿಕೆಟ್ ಮೇಲೆ ಬರೆದಿರೋ ಗೇಟಿಗೇ ಹೋಗಿ. ದುಂಡನೆ ಮೈದಾನ, ತಪ್ಪು ಗೇಟಿಗೆ ಹೋದರೆ ಇಡೀ ಸುತ್ತು ಹಳದಿಯವರ ನಡುವೆ ನಡೆಯಬೇಕು. ಬ್ಯಾಗು, ನೀರಿನ ಬಾಟಲಿ, ಪವರ್ ಬ್ಯಾಂಕ್, ಬಾವುಟದ ಕೋಲು ಒಳಗೆ ಬಿಡ್ತಾರೆ ಅಂತ ನಂಬಿಕೊಳ್ಳಬೇಡಿ. ರೂಮಿನಲ್ಲೇ ಬಿಡಿ. ಫೋನ್ ಪೂರ್ತಿ ಚಾರ್ಜ್ ಇರಲಿ. ಟಿಕೆಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ, ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸಿಗಲ್ಲ. ಹಾಗೇ ಇಬ್ಬರ ಫೋನೂ ಕೈಕೊಟ್ಟರೆ ಎಲ್ಲಿ ನಿಲ್ಲಬೇಕು ಅಂತ ಒಂದು ಜಾಗ ಮಾತಾಡಿಕೊಳ್ಳಿ. ಶೌಚಾಲಯಕ್ಕೆ ಮೊದಲೇ ಹೋಗಿ ಬನ್ನಿ. ಮಧ್ಯಂತರದಲ್ಲಿ ಸಾಲು ತುಂಬಾ ಉದ್ದ. ಹೆಂಗಸರಿಗೆ ಇದು ಚಿಕ್ಕ ವಿಷಯ ಅಲ್ಲ ಅಂತ ನನ್ನ ತಂಗಿ ಜೊತೆಗೆ ಬಂದಾಗಲೇ ನನಗೆ ತಿಳಿದದ್ದು.

ಒಳಗೆ ಹೋದ ಮೇಲೆ ಮಗಳಿಗೆ ಪೂರ್ತಿ ಸ್ವಾತಂತ್ರ್ಯ ಕೊಡಿ. ಹಾಡಲಿ, ಕುಣಿಯಲಿ, ಗಂಟಲು ಹೋಗುವಷ್ಟು ಕೂಗಲಿ. ಎರಡೇ ಎರಡು ಮಾತು ಮೊದಲೇ ಹೇಳಿ. ಪಕ್ಕದ ಗ್ಯಾಲರಿ ಕಡೆ ತಿರುಗಿ ಕೈಸನ್ನೆ ಬೇಡ, ನಾವು ಹಾಡೋದು ನಮ್ಮ ಆಟಗಾರರಿಗೆ. ಇನ್ನೊಂದು, ನುಡಿ, ರಾಜ್ಯ, ಜಾತಿ ಎಳೆದು ಕೂಗೋರು ಎರಡೂ ಕಡೆ ಒಬ್ಬಿಬ್ಬರು ಸಿಗುತ್ತಾರೆ. ನಮ್ಮ ಗುಂಪಿನವನೇ ಹಾಗೆ ಕೂಗಿದರೂ ಅವಳು ದನಿಗೂಡಿಸಬಾರದು. ನಾಲ್ಕು ಕೆಟ್ಟ ಮಾತು ಕಿವಿಗೆ ಬೀಳಬಹುದು. ನಮ್ಮ ಕಾಲಿಗೆ ಚೆಂಡು ಬಂದಾಗಲೆಲ್ಲ ಇಡೀ ಮೈದಾನ ಹೋ ಅನ್ನುತ್ತೆ. ಅದು ಅವಳಿಗೆ ಮೊದಲೇ ಗೊತ್ತಿದ್ದರೆ ಬೇಜಾರಾಗಲ್ಲ. ಮಂಜಪ್ಪಡ ಅಂತ ಕರೆದುಕೊಳ್ಳೋ ಅವರ ಅಭಿಮಾನಿ ಗುಂಪು, ಅಂದರೆ ಹಳದಿ ಪಡೆ, ಗ್ಯಾಲರಿ ತುಂಬಾ ದೊಡ್ಡ ಚಿತ್ರದ ಬಟ್ಟೆ ಬಿಚ್ಚೋದನ್ನು ಮಾತ್ರ ತಪ್ಪಿಸಬೇಡಿ. ಆಟಗಾರರು ಒಳಗೆ ಬರೋ ಹೊತ್ತಿಗೆ ಸರಿಯಾಗಿ ಬಿಚ್ಚುತ್ತಾರೆ. ಎದುರಾಳಿಗಳಾದರೇನು, ಅಷ್ಟು ಚೆಂದದ ಕೆಲಸಕ್ಕೆ ಚಪ್ಪಾಳೆ ತಟ್ಟಬಹುದು.

ಈಗ ಅವಳಪ್ಪನ ಭಯದ ಮಾತು. ಅವರ ಭಯ ಸುಳ್ಳಲ್ಲ, ಆದರೆ ಅದು ಪಂದ್ಯದ ಹೊತ್ತಿನದ್ದಲ್ಲ. ಜಾಗ್ರತೆ ಬೇಕಿರೋದು ಮುಗಿದ ಮೇಲಿನ ಅರ್ಧ ಗಂಟೆ. ನಾವು ಸೋತರೆ ಅವರಿಗೆ ಹಬ್ಬ, ನಿಮ್ಮನ್ನು ಯಾರೂ ನೋಡಲ್ಲ. ಗೆದ್ದರೇನೇ ಯೋಚನೆ. 2024ರ ಅಕ್ಟೋಬರ್ 25ರಂದು ಕೊಚ್ಚಿಯಲ್ಲಿ ಮತ್ತೆ 3-1ರಿಂದ ಗೆದ್ದೆವು, ಅದರಲ್ಲಿ ಮೊದಲ ಗೋಲು ಹೊಡೆದವರು ಹಿಂದೆ ಬ್ಲಾಸ್ಟರ್ಸ್‌ಗೇ ಆಡಿದ್ದ ಪೆರೇರಾ ಡಿಯಾಜ್. ಅಂಥ ರಾತ್ರಿ ನಿಮ್ಮ ಕೆಲಸ ಒಂದೇ, ಸೀಟಿನಲ್ಲಿ ಕೂತಿರೋದು. ಪೊಲೀಸರು ಹೇಳಲಿ, ಹೇಳದಿರಲಿ, ಮೈದಾನ ಖಾಲಿ ಆಗೋವರೆಗೆ ಏಳಬೇಡಿ. ಸೆಪ್ಟೆಂಬರ್‌ನ ಆ ಮಳೆಯ ರಾತ್ರಿ ನಮ್ಮನ್ನೂ ಹಾಗೇ ಕೂರಿಸಿದ್ದರು. ಒಬ್ಬ ಮಹಿಳಾ ಕಾನ್‌ಸ್ಟೆಬಲ್ ನಮ್ಮ ಗುಂಪಿನ ಹುಡುಗಿಯೊಬ್ಬಳ ಪಕ್ಕ ಮೆಟ್ಟಿಲ ಮೇಲೆ ಕೂತು, ಟೋಪಿ ತೆಗೆದು ಮಳೆನೀರು ಕೊಡವಿ, "ಮೋಳೆ (ಮಗಳೇ), ಊಟ ಆಯ್ತಾ?" ಅನ್ನೋದನ್ನು ಮಲಯಾಳದಲ್ಲೂ ತಮಿಳಿನಲ್ಲೂ ಸೇರಿಸಿ ಕೇಳಿದರು. ಹುಡುಗಿ ಕನ್ನಡದಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಅರ್ಥವಾಯಿತು.

ಹಾಗೆ ಕೂತಿರುವಾಗಲೇ ನಮ್ಮ ಆಟಗಾರರು ನಮ್ಮ ಮೂಲೆಯ ಕಡೆಗೆ ನಡೆದು ಬಂದರು. ಕಂಠೀರವದಲ್ಲಿ ಸಾವಿರಾರು ಜನರ ನಡುವೆ ಅವರು ನಮಗೆ ಚಪ್ಪಾಳೆ ತಟ್ಟೋದು ಬೇರೆ. ಇಲ್ಲಿ ನಾವು ಇಷ್ಟೇ ಜನ. ಅವರು ಒಬ್ಬೊಬ್ಬರ ಮುಖ ನೋಡುತ್ತಾರೆ. ಅಷ್ಟು ದೂರದಿಂದ ಬಂದಿದ್ದೀರಾ ಅನ್ನೋ ಭಾವ ಅವರ ಕಣ್ಣಲ್ಲಿ ಕಾಣುತ್ತೆ. ನಿಮ್ಮ ಮಗಳನ್ನು ಕಂಬಿಯ ಹತ್ತಿರದ ಸೀಟಿಗೆ ಕಳಿಸಿ, ನೀವು ಒಂದು ಸಾಲು ಹಿಂದೆ ನಿಂತುಕೊಳ್ಳಿ. ಆಮೇಲೆ ಅವಳು ಜಾಕೆಟ್ ಹಾಕ್ಕೊಳ್ಳಲಿ, ಗುಂಪಿನ ಜೊತೆಗೇ ಕೆಳಗಿಳಿದು ಮೆಟ್ರೊ ಹತ್ತಿ. ರೂಮಿಗೆ ಬಂದ ತಕ್ಷಣ ಅವಳಪ್ಪನಿಗೆ ಅವಳೇ ಫೋನ್ ಮಾಡಲಿ.

ಟಿಕೆಟ್ ಕೈಗೆ ಬಂದ ದಿನ ಬ್ಲಾಕ್ ಮತ್ತು ಗೇಟಿನ ನಂಬರ್ ನನಗೆ ಬರೆದು ಕಳಿಸಿ. ಮೆಟ್ರೊ ಇಳಿದು ಎಡಕ್ಕೆ ಹೋಗಬೇಕಾ, ಬಲಕ್ಕಾ ಅಂತ ತಿಳಿಸುತ್ತೇನೆ.